ಅಕ್ಷರರೂಪವೇ ವ್ಯಾಕರಣವಾದಾಗ: ಆದೇಶಸಾಲಿನ ಕೈಪಿಡಿ ಪುಟಗಳ ವಿನ್ಯಾಸ, ಒಂದು ವಿಮರ್ಶೆ

ಸಾರಾಂಶ

ಯುನಿಕ್ಸ್ ಪರಂಪರೆಯ ಗಣಕವ್ಯವಸ್ಥೆಗಳಲ್ಲಿ ಆದೇಶಗಳನ್ನು ವಿವರಿಸುವ ಕೈಪಿಡಿ ಪುಟಗಳು ದಪ್ಪಕ್ಷರ, ಓರೆಯಕ್ಷರ ಮತ್ತು ಆವರಣ ಚಿಹ್ನೆಗಳನ್ನು ಅಲಂಕಾರಕ್ಕಾಗಿ ಬಳಸುವುದಿಲ್ಲ. ಯಾವ ಪದವನ್ನು ಇದ್ದಂತೆಯೇ ಬೆರಳಚ್ಚಿಸಬೇಕು, ಯಾವ ಪದದ ಸ್ಥಾನದಲ್ಲಿ ಬೇರೊಂದನ್ನು ಇಡಬೇಕು ಎಂಬ ಭೇದವನ್ನು ಆ ಗುರುತುಗಳೇ ಹೊತ್ತಿರುತ್ತವೆ. ಈ ಪುಟಗಳನ್ನು ಬರೆಯುವ ಎರಡು ಮ್ಯಾಕ್ರೊ ಸಂಪ್ರದಾಯಗಳಾದ ‘ಮ್ಯಾನ್’ ಮತ್ತು ‘ಎಂಡಾಕ್’ಗಳನ್ನು ಹೋಲಿಸಿ, ಮೊದಲನೆಯದು ಗುರುತಿನ ರೂಪವನ್ನೂ ಎರಡನೆಯದು ಗುರುತಿನ ಅರ್ಥವನ್ನೂ ದಾಖಲಿಸುತ್ತದೆಂದು ಇಲ್ಲಿ ತೋರಿಸಿದ್ದೇವೆ. ರೂಪವನ್ನಷ್ಟೇ ದಾಖಲಿಸಿದ ಪುಟವು ಇನ್ನೊಂದು ಭಾಷೆಗೆ, ಇನ್ನೊಂದು ಲಿಪಿಗೆ, ಇನ್ನೊಂದು ಇಂದ್ರಿಯಕ್ಕೆ ದಾಟುವಾಗ ತನ್ನ ವ್ಯಾಕರಣವನ್ನೇ ಕಳೆದುಕೊಳ್ಳುತ್ತದೆ ಎಂಬುದು ನಮ್ಮ ವಾದ. ಕನ್ನಡದ ಸಂಧಿ ಮತ್ತು ವಿಭಕ್ತಿ ವ್ಯವಸ್ಥೆ ಈ ವಾದಕ್ಕೆ ಒರೆಗಲ್ಲಾಗುತ್ತದೆ.

ಪ್ರಮುಖ ಪದಗಳು: ಕೈಪಿಡಿ ಪುಟ, ಮಾರ್ಕಪ್, ಪ್ರಯೋಗ ಮತ್ತು ಉಲ್ಲೇಖ, ಸಂಜ್ಞೆ, ಸಂಧಿ, ನಿಘಂಟು ರಚನೆ

1. ಪ್ರಸ್ತಾವನೆ

ತಾಂತ್ರಿಕ ಬರಹವನ್ನು ಭಾಷಾವಿಜ್ಞಾನವು ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಪ್ರಶ್ನೆಯಾಗಿಯೇ ನೋಡಿಕೊಂಡು ಬಂದಿದೆ. ಆ ಬರಹದ ಪುಟವಿನ್ಯಾಸವನ್ನು ಮುದ್ರಕನ ಅಥವಾ ತಂತ್ರಜ್ಞನ ಪಾಲಿಗೆ ಬಿಟ್ಟುಬಿಡುವುದು ವಾಡಿಕೆ. ಆದರೆ ಕೆಲವು ಪಠ್ಯಪ್ರಕಾರಗಳಲ್ಲಿ ವಿನ್ಯಾಸವೇ ಅರ್ಥದ ಒಂದು ಭಾಗವಾಗಿರುತ್ತದೆ. ಅಂಥವುಗಳಲ್ಲಿ ಆದೇಶಸಾಲಿನ ತಂತ್ರಾಂಶಗಳ ಕೈಪಿಡಿ ಪುಟ, ಅಂದರೆ ‘ಮ್ಯಾನ್ ಪುಟ’, ವಿಶೇಷ ಗಮನಕ್ಕೆ ಅರ್ಹವಾದುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತನ್ನ ಅಂಗವಿಭಾಗವನ್ನು ಹೆಚ್ಚುಕಡಿಮೆ ಬದಲಿಸದೆ ಉಳಿದುಬಂದಿರುವ ಗದ್ಯಪ್ರಕಾರ ಅದು. ಮನುಷ್ಯರು ಓದುವುದಕ್ಕೂ ಯಂತ್ರಗಳು ಶೋಧಿಸುವುದಕ್ಕೂ ಒಟ್ಟಿಗೇ ರಚಿತವಾದದ್ದು.

ಈ ಪುಟಗಳ ವಿನ್ಯಾಸದ ಬಗ್ಗೆ ತಂತ್ರಾಂಶ ಬರೆಯುವವರಲ್ಲಿ ಎರಡು ನಿಲುವುಗಳಿವೆ. ಪುಟ ತೆರೆಯ ಮೇಲೆ ಸರಿಯಾಗಿ ಕಂಡರೆ ಸಾಕು, ಅದನ್ನು ಹೇಗೆ ಬರೆದಿದೆ ಎಂಬುದು ಮುಖ್ಯವಲ್ಲ ಎನ್ನುವುದು ಒಂದು. ಕಾಣುವ ರೂಪ ಒಂದೇ ಆದರೂ ಬರೆದ ಬಗೆಯಲ್ಲಿ ಅರ್ಥವರ್ಗಗಳು ದಾಖಲಾಗಿರಬೇಕು ಎನ್ನುವುದು ಇನ್ನೊಂದು. ಚರ್ಚೆ ಇದುವರೆಗೆ ಅನುಕೂಲ ಮತ್ತು ಅಭ್ಯಾಸಗಳ ನೆಲೆಯಲ್ಲಿ ನಡೆದಿದೆ. ಇದು ಮೂಲತಃ ಭಾಷಾವೈಜ್ಞಾನಿಕ ಪ್ರಶ್ನೆ ಎಂದು ನಾವು ಭಾವಿಸುತ್ತೇವೆ ಮತ್ತು ಆ ನೆಲೆಯಲ್ಲಿಯೇ ಎರಡು ಸಂಪ್ರದಾಯಗಳನ್ನು ಇಲ್ಲಿ ವಿಮರ್ಶಿಸುತ್ತೇವೆ.

ಒಂದು ಸೂಚನೆ: ಆದೇಶಗಳ ಮತ್ತು ಮ್ಯಾಕ್ರೊಗಳ ಹೆಸರುಗಳನ್ನು ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ, ಅಕ್ಷರಗಳ ಉಚ್ಚಾರಣೆಗೆ ಅನುಸಾರವಾಗಿ ಬರೆದಿದ್ದೇವೆ. ಯಂತ್ರಕ್ಕೆ ಕೊಡುವಾಗ ಅವು ರೋಮನ್ ಅಕ್ಷರಗಳಲ್ಲಿರುತ್ತವೆ.

2. ಪುಟದ ಅಂಗವಿಭಾಗ

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಬೆಲ್ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ಯುನಿಕ್ಸ್ ಪ್ರೋಗ್ರಾಮರನ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಅದರ ಹಿಂದೆ ಡಗ್ಲಸ್ ಮೆಕಿಲ್‌ರಾಯ್ ಅವರ ಒತ್ತಾಯವಿತ್ತು. ಹೆಸರು, ಸಂಕ್ಷೇಪಸೂತ್ರ, ವಿವರಣೆ, ಸಂಬಂಧಿತ ಕಡತಗಳು, ಇವನ್ನೂ ನೋಡಿ, ದೋಷಗಳು ಎಂಬ ಶೀರ್ಷಿಕೆಗಳು ಆ ಆವೃತ್ತಿಯಲ್ಲಿಯೇ ಇವೆ. ಇಂದು ಬರೆಯುವ ಪುಟದಲ್ಲಿಯೂ ಇವೇ ಶೀರ್ಷಿಕೆಗಳು, ಬಹುಮಟ್ಟಿಗೆ ಇದೇ ಅನುಕ್ರಮದಲ್ಲಿ ಬರುತ್ತವೆ. ತನ್ನ ದೋಷಗಳನ್ನು ತಾನೇ ಹೇಳಿಕೊಳ್ಳಲು ಒಂದು ಕಾಯಂ ಸ್ಥಾನವನ್ನು ಕಾದಿರಿಸಿದ ಶಾಸ್ತ್ರಗದ್ಯ ಅಪರೂಪವಾದದ್ದು ಎಂಬುದನ್ನೂ ಗಮನಿಸಬಹುದು.

ಇವುಗಳಲ್ಲಿ ಎರಡು ಅಂಗಗಳು ನಮ್ಮ ಚರ್ಚೆಗೆ ಮುಖ್ಯ. ‘ಹೆಸರು’ ಎಂಬ ಅಂಗದಲ್ಲಿ ಒಂದೇ ಸಾಲು: ಆದೇಶದ ಹೆಸರು, ಒಂದು ಗೆರೆ, ಒಂದು ಚುಟುಕು ವಿವರಣೆ. ಈ ಸಾಲನ್ನು ಯಂತ್ರವು ಪುಟಗಳಿಂದ ಹೆಕ್ಕಿ ಸೂಚಿಯೊಂದನ್ನು ಕಟ್ಟುತ್ತದೆ. ವಿಷಯ ಹೇಳಿ ಆದೇಶ ಹುಡುಕುವವರಿಗೆ ಸಿಗುವುದು ಆ ಸೂಚಿ. ಗೆರೆ ತಪ್ಪಿದರೆ ಅಥವಾ ಸಾಲು ಎರಡು ಪರಿಚ್ಛೇದಗಳಾಗಿ ಒಡೆದರೆ ಪುಟ ಸೂಚಿಯಿಂದ ಕಾಣೆಯಾಗಬಹುದು. ‘ಸಂಕ್ಷೇಪಸೂತ್ರ’ ಎಂಬ ಅಂಗದಲ್ಲಿ ಆದೇಶದ ಪೂರ್ಣ ವಾಕ್ಯರಚನೆಯನ್ನು ಒಂದೆರಡು ಸಾಲುಗಳಲ್ಲಿ ಅಡಕಮಾಡಲಾಗುತ್ತದೆ. ಚೌಕಾವರಣದೊಳಗಿನದು ಐಚ್ಛಿಕ, ಮೂರು ಚುಕ್ಕಿ ಪುನರಾವೃತ್ತಿಗೆ, ಲಂಬರೇಖೆ ವಿಕಲ್ಪಕ್ಕೆ. ನಂತರ ಬರುವ ‘ವಿವರಣೆ’ಯು ಈ ಸೂತ್ರಕ್ಕೆ ವೃತ್ತಿಯಂತೆ ಕೆಲಸ ಮಾಡುತ್ತದೆ. ಸೂತ್ರ, ವೃತ್ತಿ, ಪ್ರಯೋಗಗಳ ಅನುಕ್ರಮದಲ್ಲಿ ರಚಿತವಾದ ಶಬ್ದಮಣಿದರ್ಪಣವನ್ನು ಓದಿದವರಿಗೆ ಈ ವಿನ್ಯಾಸ ಅಪರಿಚಿತವೆನಿಸಲಾರದು.

3. ಯಥಾರೂಪ ಮತ್ತು ಸಂಜ್ಞೆ

ಕಡತವೊಂದನ್ನು ನಕಲಿಸುವ ‘ಸಿಪಿ’ ಎಂಬ ಆದೇಶದ ಸಂಕ್ಷೇಪಸೂತ್ರವನ್ನು ಅತ್ಯಂತ ಸರಳಗೊಳಿಸಿದರೆ ಹೀಗಿರುತ್ತದೆ: ಸಿಪಿ ಮೂಲ ಗುರಿ. ಇಲ್ಲಿ ಮೂರು ಪದಗಳಿದ್ದರೂ ಅವು ಒಂದೇ ಜಾತಿಯವಲ್ಲ. ‘ಸಿಪಿ’ ಎಂಬುದನ್ನು ಹಾಗೆಯೇ ಬೆರಳಚ್ಚಿಸಬೇಕು. ‘ಮೂಲ’ ಮತ್ತು ‘ಗುರಿ’ ಎಂಬುವನ್ನು ಹಾಗೆಯೇ ಬೆರಳಚ್ಚಿಸಿದರೆ ಯಂತ್ರವು ಆ ಹೆಸರಿನ ಕಡತವನ್ನೇ ಹುಡುಕುತ್ತದೆ. ಮೊದಲ ಪದ ತನ್ನ ರೂಪವನ್ನೇ ಸೂಚಿಸುತ್ತದೆ. ಉಳಿದೆರಡು ಒಂದೊಂದು ವರ್ಗವನ್ನು ಸೂಚಿಸುತ್ತವೆ. ಇಂದಿನ ರೂಢಿಯಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿ, ಉಳಿದವು ಓರೆಯಕ್ಷರದಲ್ಲಿ ಬರುತ್ತವೆ. ಟರ್ಮಿನಲ್‌ಗಳಲ್ಲಿ ಓರೆಯಕ್ಷರಕ್ಕೆ ಬದಲಾಗಿ ಸಾಮಾನ್ಯವಾಗಿ ಅಡಿಗೆರೆ ಕಾಣುತ್ತದೆ.

ಈ ಭೇದವನ್ನು ನಮ್ಮ ವ್ಯಾಕರಣ ಪರಂಪರೆ ಬಹಳ ಹಿಂದೆಯೇ ಸೂತ್ರೀಕರಿಸಿತ್ತು. ವ್ಯಾಕರಣದಲ್ಲಿ ಶಬ್ದವೊಂದು ತನ್ನ ರೂಪವನ್ನೇ ಸೂಚಿಸುತ್ತದೆ, ಅದು ಶಾಸ್ತ್ರದ ಪಾರಿಭಾಷಿಕ ಸಂಜ್ಞೆಯಾಗಿರುವಲ್ಲಿ ಮಾತ್ರ ಹಾಗಲ್ಲ ಎಂಬುದು ಪಾಣಿನಿಯ ಒಂದನೆಯ ಅಧ್ಯಾಯದ ಒಂದನೆಯ ಪಾದದ 68ನೆಯ ಸೂತ್ರದ ತಾತ್ಪರ್ಯ. ‘ಅಗ್ನಿ’ಗೆ ಪ್ರತ್ಯಯವನ್ನು ವಿಧಿಸಿದಾಗ ಆ ಪ್ರತ್ಯಯ ಬೆಂಕಿಗೆ ಹತ್ತುವುದಿಲ್ಲ, ‘ವಹ್ನಿ’ ಮೊದಲಾದ ಪರ್ಯಾಯಗಳಿಗೂ ಹತ್ತುವುದಿಲ್ಲ, ಅಗ್ನಿ ಎಂಬ ಶಬ್ದರೂಪಕ್ಕೆ ಮಾತ್ರ ಹತ್ತುತ್ತದೆ. ‘ವೃದ್ಧಿ’ ಎಂದಾಗ ಮಾತ್ರ ಆ, ಐ, ಔ ಎಂಬ ವರ್ಣಗಳ ವರ್ಗವೊಂದು ಗ್ರಾಹ್ಯವಾಗುತ್ತದೆ. ಕೈಪಿಡಿ ಪುಟದ ದಪ್ಪಕ್ಷರ ಸ್ವರೂಪಗ್ರಹಣದ ಗುರುತು. ಓರೆಯಕ್ಷರ ಸಂಜ್ಞೆಯ ಗುರುತು. ಚೌಕಾವರಣಗಳು ಸೂತ್ರದಲ್ಲಿ ಕಾಣಿಸಿಕೊಂಡು ಪ್ರಯೋಗದಲ್ಲಿ ಲೋಪವಾಗುವ ಅನುಬಂಧಗಳಂತೆ. ಈ ಹೋಲಿಕೆಯಿಂದ ನಾವು ಯಾವ ಐತಿಹಾಸಿಕ ಸಂಬಂಧವನ್ನೂ ಸೂಚಿಸುತ್ತಿಲ್ಲ. ಭಾಷೆಯೊಂದನ್ನು ಭಾಷೆಯಿಂದಲೇ ವಿವರಿಸಲು ಹೊರಟ ಯಾವ ಶಾಸ್ತ್ರಕ್ಕೂ ಈ ಭೇದ ಅನಿವಾರ್ಯವೆಂಬುದಷ್ಟೇ ನಮ್ಮ ಅಭಿಪ್ರಾಯ.

ಭೇದ ಅನಿವಾರ್ಯವಾದರೂ ಅದರ ಗುರುತು ಯಾದೃಚ್ಛಿಕ. ಇದಕ್ಕೆ ಕೈಪಿಡಿಯ ಇತಿಹಾಸದಲ್ಲಿಯೇ ಸ್ವಾರಸ್ಯಕರ ಸಾಕ್ಷ್ಯವಿದೆ. 1971ರ ಆವೃತ್ತಿಯ ಪೀಠಿಕೆಯ ಪ್ರಕಾರ ಅಡಿಗೆರೆಯಿದ್ದ ಪದಗಳನ್ನು ಇದ್ದಂತೆಯೇ ಬೆರಳಚ್ಚಿಸಬೇಕಾಗಿತ್ತು. ಅಕ್ಷರಜೋಡಣೆಯ ಯಂತ್ರ ಬಂದ ಬಳಿಕ, 1979ರ ಏಳನೆಯ ಆವೃತ್ತಿಯ ವೇಳೆಗೆ, ಆ ಕೆಲಸ ದಪ್ಪಕ್ಷರದ ಪಾಲಿಗೆ ಬಂದಿತ್ತು. ಇಂದಿನ ಟರ್ಮಿನಲ್‌ನಲ್ಲಿ ಅಡಿಗೆರೆ ಸೂಚಿಸುವುದು ಸ್ಥಾನಸೂಚಕ ಪದವನ್ನು, ಅಂದರೆ ಬದಲಿಸಲೇಬೇಕಾದದ್ದನ್ನು. ಒಂದೇ ಗುರುತು ‘ಬದಲಿಸಬೇಡಿ’ ಎಂಬ ಅರ್ಥದಿಂದ ‘ಬದಲಿಸಿ’ ಎಂಬ ಅರ್ಥಕ್ಕೆ ತಿರುಗಿದೆ. ಗುರುತಿನ ರೂಪವನ್ನಷ್ಟೇ ಕಾಪಿಟ್ಟವರ ಕೈಯಲ್ಲಿ ಉಳಿಯುವುದು ಎಂಥದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಗುರುತು ಇಲ್ಲವಾದಾಗ ಅರ್ಥ ಎಷ್ಟು ಬೇಗ ಕುಸಿಯುತ್ತದೆಂಬುದನ್ನು ಇನ್ನೊಂದು ಆದೇಶ ತೋರಿಸುತ್ತದೆ. ಷರತ್ತೊಂದನ್ನು ಪರೀಕ್ಷಿಸುವ ‘ಟೆಸ್ಟ್’ ಎಂಬ ಆದೇಶಕ್ಕೆ ಎಡ ಚೌಕಾವರಣವೇ ಇನ್ನೊಂದು ಹೆಸರು. ಪೋಸಿಕ್ಸ್ ಮಾನಕದಲ್ಲಿ ಆ ಹೆಸರಿನ ಸಂಕ್ಷೇಪಸೂತ್ರ ಹೀಗಿದೆ: [ [ಷರತ್ತು] ]. ಹೊರಗಿನ ಆವರಣಗಳನ್ನು ಬೆರಳಚ್ಚಿಸಬೇಕು. ಒಳಗಿನವು ಐಚ್ಛಿಕತೆಯ ಗುರುತು, ಅವನ್ನು ಬೆರಳಚ್ಚಿಸಕೂಡದು. ನಾವು ಇಲ್ಲಿ ಮುದ್ರಿಸಿರುವಂತೆ ಎಲ್ಲವನ್ನೂ ಒಂದೇ ಅಕ್ಷರರೂಪದಲ್ಲಿ ಕೊಟ್ಟರೆ ಸೂತ್ರವನ್ನು ನೋಡಿ ಈ ಎರಡನ್ನು ಬೇರ್ಪಡಿಸುವ ಉಪಾಯವಿಲ್ಲ. ಹೊರಗಿನದನ್ನು ದಪ್ಪಗೊಳಿಸಿದ ಕ್ಷಣ ಸೂತ್ರ ನಿಸ್ಸಂದಿಗ್ಧವಾಗುತ್ತದೆ.

4. ಎರಡು ಮ್ಯಾಕ್ರೊ ಸಂಪ್ರದಾಯಗಳು

ಕೈಪಿಡಿ ಪುಟಗಳ ಮೂಲಪಠ್ಯವನ್ನು ‘ರಾಫ್’ ಕುಟುಂಬದ ಅಕ್ಷರಜೋಡಣಾ ಭಾಷೆಯಲ್ಲಿ ಬರೆಯುತ್ತಾರೆ. ಜೆರೋಮ್ ಸಾಲ್ಟ್ಜರ್ ಅವರು 1964ರಲ್ಲಿ ರಚಿಸಿದ ‘ರನ್‌ಆಫ್’ ಇದರ ಪೂರ್ವಜ. ಜೋಸೆಫ್ ಒಸಾನ್ನಾ ಅವರ ‘ಎನ್‌ರಾಫ್’ ಮತ್ತು ‘ಟಿರಾಫ್’ ನಂತರದವು. 1990ರಲ್ಲಿ ಹೊರಬಂದ ಜೇಮ್ಸ್ ಕ್ಲಾರ್ಕ್ ಅವರ ‘ಗ್ರಾಫ್’ ಇಂದು ಹೆಚ್ಚು ಬಳಕೆಯಲ್ಲಿರುವುದು. ಈ ಭಾಷೆಯಲ್ಲಿ ಚುಕ್ಕಿಯಿಂದ ಆರಂಭವಾಗುವ ಸಾಲು ಆಜ್ಞೆ, ಉಳಿದದ್ದು ಪಠ್ಯ. ಹಲವು ಮೂಲ ಆಜ್ಞೆಗಳನ್ನು ಒಟ್ಟುಗೂಡಿಸಿ ಹೆಸರಿಟ್ಟದ್ದೇ ಮ್ಯಾಕ್ರೊ.

ಏಳನೆಯ ಆವೃತ್ತಿಗಾಗಿ ಮೆಕಿಲ್‌ರಾಯ್ ರೂಪಿಸಿದ ‘ಮ್ಯಾನ್’ ಮ್ಯಾಕ್ರೊಗಳು ಕೆಲವೇ ಕೆಲವು. ‘ಟಿಎಚ್’ ಪುಟದ ಶಿರೋನಾಮೆಗೆ, ‘ಎಸ್‌ಎಚ್’ ಅಂಗಶೀರ್ಷಿಕೆಗೆ, ‘ಬಿ’ ದಪ್ಪಕ್ಷರಕ್ಕೆ, ‘ಐ’ ಓರೆಯಕ್ಷರಕ್ಕೆ, ‘ಬಿಆರ್’ ದಪ್ಪ ಮತ್ತು ಸಾದಾ ಅಕ್ಷರಗಳ ಪರ್ಯಾಯಕ್ಕೆ. ಇವುಗಳಲ್ಲಿ ಮೊದಲೆರಡು ಪುಟದ ಅಂಗಗಳನ್ನು ಹೆಸರಿಸುತ್ತವೆ. ಉಳಿದವು ಅಕ್ಷರದ ಆಕಾರವನ್ನು ಹೆಸರಿಸುತ್ತವೆ. ‘ಬಿ’ ಎಂದು ಗುರುತಿಸಿದ ಪದವು ಆದೇಶದ ಹೆಸರೋ, ಆಯ್ಕೆಯೋ, ಒತ್ತು ಕೊಡಲು ದಪ್ಪಗೊಳಿಸಿದ ಸಾಮಾನ್ಯ ಪದವೋ ಎಂಬುದು ಮೂಲಪಠ್ಯದಲ್ಲಿ ಎಲ್ಲಿಯೂ ಇರುವುದಿಲ್ಲ. ಓದುಗ ಅದನ್ನು ಸಂದರ್ಭದಿಂದ ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಸೌಲಭ್ಯವಿಲ್ಲ.

1990ರ ಸುಮಾರಿನಲ್ಲಿ ಬರ್ಕ್‌ಲಿಯ ಬಿಎಸ್‌ಡಿ ವ್ಯವಸ್ಥೆಗಾಗಿ ಸಿಂಥಿಯಾ ಲಿವಿಂಗ್‌ಸ್ಟನ್ ರಚಿಸಿದ ‘ಎಂಡಾಕ್’ ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ‘ಎನ್‌ಎಂ’ ಎಂಬುದು ಆದೇಶದ ಹೆಸರಿಗೆ, ‘ಎಫ್‌ಎಲ್’ ಆಯ್ಕೆಗೆ, ‘ಎಆರ್’ ಬಳಕೆದಾರ ತುಂಬಬೇಕಾದ ಪದಕ್ಕೆ, ‘ಓಪಿ’ ಐಚ್ಛಿಕ ಭಾಗಕ್ಕೆ, ‘ಇವಿ’ ಪರಿಸರ ಚರಾಂಶಕ್ಕೆ, ‘ಎಕ್ಸ್‌ಆರ್’ ಇನ್ನೊಂದು ಪುಟದ ಉಲ್ಲೇಖಕ್ಕೆ. ಲೇಖಕ ವರ್ಗವನ್ನು ಹೇಳುತ್ತಾನೆ. ಆ ವರ್ಗಕ್ಕೆ ಯಾವ ಅಕ್ಷರರೂಪ ಎಂಬುದನ್ನು ಮ್ಯಾಕ್ರೊ ನಿರ್ಧರಿಸುತ್ತದೆ. ಆವರಣಗಳನ್ನು ಕೂಡ ಲೇಖಕ ಬರೆಯುವುದಿಲ್ಲ. ‘ಓಪಿ’ ಎಂದರೆ ಅವು ತಾವಾಗಿ ಬರುತ್ತವೆ. ‘ಎನ್‌ಎಂ’ ಅನ್ನು ಒಮ್ಮೆ ಹೆಸರಿನೊಡನೆ ಬಳಸಿದ ಮೇಲೆ ಮುಂದೆ ಬರಿದಾಗಿ ಬಳಸಿದರೂ ಅದೇ ಹೆಸರು ಮರಳುತ್ತದೆ. ಇದು ಅನುವೃತ್ತಿಯ ಒಂದು ಸರಳ ರೂಪ.

ಎರಡೂ ಸಂಪ್ರದಾಯಗಳಲ್ಲಿ ಬರೆದ ಒಂದೇ ಪುಟವನ್ನು ಟರ್ಮಿನಲ್‌ನಲ್ಲಿ ತೆರೆದರೆ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣದು. ವ್ಯತ್ಯಾಸ ಗೋಚರಿಸುವುದು ಪುಟವನ್ನು ಬೇರೊಂದು ಕೆಲಸಕ್ಕೆ ತೊಡಗಿಸಿದಾಗ. ಕ್ರಿಸ್ಟಾಪ್ಸ್ ಜೋನ್ಸನ್ಸ್ ಆರಂಭಿಸಿದ, ಓಪನ್‌ಬಿಎಸ್‌ಡಿ ಅಳವಡಿಸಿಕೊಂಡ ‘ಮ್ಯಾಂಡಾಕ್’ ಎಂಬ ಸಲಕರಣೆಯಲ್ಲಿ ನಿರ್ದಿಷ್ಟ ಪರಿಸರ ಚರಾಂಶವೊಂದನ್ನು ಉಲ್ಲೇಖಿಸುವ ಪುಟಗಳನ್ನು ಮಾತ್ರ ಹುಡುಕಬಹುದು. ಅದೇ ಅಕ್ಷರಸಮುಚ್ಚಯ ಸಾಮಾನ್ಯ ಪದವಾಗಿ ಬಂದಿರುವ ಪುಟಗಳು ಆ ಫಲಿತಾಂಶದಲ್ಲಿ ಬರುವುದಿಲ್ಲ. ‘ಮ್ಯಾನ್’ ಮ್ಯಾಕ್ರೊಗಳಲ್ಲಿ ಬರೆದ ಪುಟಗಳಿಂದ ಇಂಥ ಉತ್ತರ ಪಡೆಯಲು ದಾರಿಯಿಲ್ಲ, ಏಕೆಂದರೆ ಪ್ರಶ್ನೆಗೆ ಬೇಕಾದ ವರ್ಗ ಅಲ್ಲಿ ದಾಖಲಾಗಿಯೇ ಇಲ್ಲ. ಸ್ಕ್ರೀನ್ ರೀಡರ್ ಬಳಸಿ ಪುಟವನ್ನು ಕಿವಿಯಿಂದ ಓದುವವರ ಪಾಲಿಗೂ ಪ್ರಶ್ನೆ ಇದೇ. ದಪ್ಪಕ್ಷರಕ್ಕೆ ಧ್ವನಿಯಿಲ್ಲ. ‘ಸಿಪಿ ಮೂಲ ಗುರಿ’ ಎಂಬುದು ಅವರಿಗೆ ಸಮಾನವಾದ ಮೂರು ಪದಗಳಾಗಿ ಕೇಳಿಸುತ್ತದೆ. ಮೂಲಪಠ್ಯದಲ್ಲಿ ವರ್ಗ ಉಳಿದಿದ್ದರೆ ಅದನ್ನು ಶ್ರವ್ಯಗೊಳಿಸುವ ಸಾಧ್ಯತೆಯಾದರೂ ಉಳಿಯುತ್ತದೆ.

5. ಒಂದು ಗೆರೆಯ ವಿವಾದ

ಆದೇಶದ ಆಯ್ಕೆಗಳು ಸಾಮಾನ್ಯವಾಗಿ ಒಂದು ಕಿರುಗೆರೆಯಿಂದ ಆರಂಭವಾಗುತ್ತವೆ. ಆಸ್ಕಿ ಸಂಕೇತಾವಳಿಯಲ್ಲಿ ಹೈಫನ್ ಮತ್ತು ಋಣಚಿಹ್ನೆ ಎರಡಕ್ಕೂ ಸೇರಿ ಇರುವುದು ಒಂದೇ ಸಂಕೇತ, ದಶಮಾನದಲ್ಲಿ 45. ಮುದ್ರಣಕ್ಕಾಗಿ ಹುಟ್ಟಿದ ರಾಫ್ ಭಾಷೆಗೆ ಈ ಬಡತನ ಒಗ್ಗಲಿಲ್ಲ. ಅಲ್ಲಿ ಬರಿಯ ಗೆರೆ ಬರೆದರೆ ಹೈಫನ್. ಹಿಂದೆ ಓರೆಗೆರೆಯನ್ನು ಸೇರಿಸಿದರೆ ಋಣಚಿಹ್ನೆ. ಯೂನಿಕೋಡ್ ಬಂದ ಮೇಲೆ ಹೈಫನ್‌ಗೆ 2010, ಋಣಚಿಹ್ನೆಗೆ 2212 ಎಂಬ ಪ್ರತ್ಯೇಕ ಸ್ಥಾನಗಳು ದೊರೆತವು. ಹಳೆಯ ಉಭಯಾರ್ಥಕ ಚಿಹ್ನೆಯೂ ತನ್ನ ಜಾಗದಲ್ಲಿ ಉಳಿಯಿತು.

ಆದೇಶಸಾಲು ಒಪ್ಪುವುದು ಹಳೆಯ ಚಿಹ್ನೆಯನ್ನು ಮಾತ್ರ. ಪುಟದ ಲೇಖಕ ಆಯ್ಕೆಯ ಮುಂದೆ ಬರಿಯ ಗೆರೆ ಬರೆದಿದ್ದು, ವಿನ್ಯಾಸಕ ತಂತ್ರಾಂಶ ಅದನ್ನು ನಿಜವಾದ ಹೈಫನ್ ಆಗಿ ಮುದ್ರಿಸಿದರೆ, ಓದುಗ ಆ ಸಾಲನ್ನು ನಕಲಿಸಿ ಅಂಟಿಸಿದಾಗ ಆದೇಶ ಕೆಲಸ ಮಾಡದು. ಪುಟದಲ್ಲಿ ಆ ಆಯ್ಕೆಯನ್ನು ಹುಡುಕಿದರೂ ಸಿಗದು. ಕಣ್ಣಿಗೆ ಮಾತ್ರ ಎರಡೂ ಒಂದೇ. 2023ರ ಜುಲೈನಲ್ಲಿ ಬಂದ ಗ್ರಾಫ್‌ನ 1.23 ಆವೃತ್ತಿ, ಕೈಪಿಡಿ ಪುಟಗಳಲ್ಲಿ ಬರಿಯ ಗೆರೆಯನ್ನು ಹಳೆಯ ಚಿಹ್ನೆಯಾಗಿ ತಿದ್ದಿಕೊಡುವ ಔದಾರ್ಯವನ್ನು ಕೈಬಿಟ್ಟಿತು. ಲೇಖಕರು ಸರಿಯಾಗಿ ಬರೆಯಲಿ ಎಂಬುದು ಅದರ ಹಿಂದಿನ ತರ್ಕ. ಡೆಬಿಯನ್ ವಿತರಣೆಯು ಹಳೆಯ ವರ್ತನೆಯನ್ನು ತನ್ನ ಮಟ್ಟಿಗೆ ಉಳಿಸಿಕೊಂಡಿತು. ದಶಕಗಳಿಂದ ಬರೆದಿಟ್ಟ ಪುಟಗಳನ್ನೆಲ್ಲ ತಿದ್ದುವವರು ಯಾರು ಎಂಬುದು ಅದರ ಹಿಂದಿನ ಪ್ರಶ್ನೆ.

ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ. ಆದರೆ ವಿವಾದ ಹುಟ್ಟಿದ್ದೇ ಲೇಖಕನು ವರ್ಗಕ್ಕೆ ಬದಲಾಗಿ ಚಿಹ್ನೆಯನ್ನು ಬರೆಯಬೇಕಾದ್ದರಿಂದ. ‘ಎಂಡಾಕ್’ನಲ್ಲಿ ಆಯ್ಕೆಯನ್ನು ‘ಎಫ್‌ಎಲ್’ ಎಂದು ಗುರುತಿಸುವ ಲೇಖಕ ಗೆರೆಯನ್ನು ಬರೆಯುವುದೇ ಇಲ್ಲ. ಯಾವ ಗೆರೆ ಬೇಕೆಂಬುದು ಮ್ಯಾಕ್ರೊಗೆ ಗೊತ್ತು. ಧ್ವನಿಮಾ ಮತ್ತು ಉಪಧ್ವನಿಗಳ ಭೇದವನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪರಿಸರಕ್ಕೆ ತಕ್ಕಂತೆ ಬದಲಾಗುವ ರೂಪವನ್ನು ಮೂಲದಲ್ಲಿಯೇ ಬರೆದಿಟ್ಟರೆ ಪರಿಸರ ಬದಲಾದಾಗಲೆಲ್ಲ ಮೂಲವನ್ನು ತಿದ್ದಬೇಕಾಗುತ್ತದೆ.

6. ಪ್ರತಿವಾದ ಮತ್ತು ಎಂಡಾಕ್‌ನ ಮಿತಿಗಳು

‘ಮ್ಯಾನ್’ ಮ್ಯಾಕ್ರೊಗಳ ಪರವಾದ ವಾದವನ್ನು ಲಘುವಾಗಿ ಕಾಣುವಂತಿಲ್ಲ. ಅವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಲಿನಕ್ಸ್ ಜಗತ್ತಿನ ಬಹುಪಾಲು ಪುಟಗಳು ಅವುಗಳಲ್ಲಿಯೇ ಇವೆ. ಬೇರೆ ಮಾರ್ಕಪ್‌ಗಳಿಂದ ಪುಟಗಳನ್ನು ತಯಾರಿಸಿಕೊಡುವ ಅನೇಕ ಸಲಕರಣೆಗಳು ಕೊನೆಗೆ ಹೊರಹಾಕುವುದೂ ಅವನ್ನೇ. ಬರೆಯಲು ಸುಲಭವಾದದ್ದರಿಂದಲೇ ಹೆಚ್ಚು ಪುಟಗಳು ಬರೆಯಲ್ಪಟ್ಟಿವೆ. ಬರೆಯದೆ ಉಳಿದ ಪುಟಕ್ಕಿಂತ ವರ್ಗವಿಲ್ಲದೆ ಬರೆದ ಪುಟ ಮೇಲು. ಇದನ್ನು ನಾವು ಒಪ್ಪುತ್ತೇವೆ. ಆದರೆ ಆ ಸಂಪ್ರದಾಯವೇ ಕಾಲಕ್ರಮದಲ್ಲಿ ಎತ್ತ ಸಾಗಿದೆ ಎಂಬುದನ್ನೂ ನೋಡಬೇಕು. ಸಂಕ್ಷೇಪಸೂತ್ರವನ್ನು ಗುರುತಿಸುವ ‘ಎಸ್‌ವೈ’, ಇತರ ಪುಟಗಳ ಉಲ್ಲೇಖಕ್ಕೆಂದು 1.23 ಆವೃತ್ತಿಯಲ್ಲಿ ಸೇರಿದ ‘ಎಂಆರ್’ ಇವೆಲ್ಲ ವರ್ಗವಾಚಕ ಮ್ಯಾಕ್ರೊಗಳು. ರೂಪವೇ ಸಾಕು ಎಂಬ ನಿಲುವು ತನ್ನ ಮನೆಯಲ್ಲಿಯೇ ಪೂರ್ತಿಯಾಗಿ ನಿಂತಿಲ್ಲ.

ಇನ್ನೊಂದೆಡೆ ‘ಎಂಡಾಕ್’ ನಿರ್ದೋಷವಲ್ಲ. ಅದರ ಎರಡಕ್ಷರದ ಹೆಸರುಗಳು ಬಹಳ. ಯಾವ ಮ್ಯಾಕ್ರೊ ಇನ್ನೊಂದರೊಳಗೆ ಬರಬಹುದೆಂಬ ನಿಯಮಗಳು ಜಟಿಲ. ಭಾಷಾವಿಜ್ಞಾನದ ದೃಷ್ಟಿಯಿಂದ ಹೆಚ್ಚು ಗಂಭೀರವಾದ ದೋಷ ಬೇರೆಯೇ ಇದೆ. ‘ಇಎಕ್ಸ್’ ಎಂಬ ಮ್ಯಾಕ್ರೊವನ್ನು ಮಾನಕ ರೀತಿಯಲ್ಲಿ ಕರೆದರೆ, ಈ ಆದೇಶ ಯಶಸ್ವಿಯಾದಾಗ ಸೊನ್ನೆಯನ್ನೂ ದೋಷ ಸಂಭವಿಸಿದಾಗ ಸೊನ್ನೆಗಿಂತ ದೊಡ್ಡ ಸಂಖ್ಯೆಯನ್ನೂ ಮರಳಿಸುತ್ತದೆ ಎಂಬರ್ಥದ ಇಡೀ ಇಂಗ್ಲಿಷ್ ವಾಕ್ಯವನ್ನು ಅದು ತಾನೇ ರಚಿಸುತ್ತದೆ. ಒಂದಕ್ಕಿಂತ ಹೆಚ್ಚು ಆದೇಶಗಳಿದ್ದರೆ ಹೆಸರುಗಳ ನಡುವೆ ಸಮುಚ್ಚಯ ಪದವನ್ನು ಇಟ್ಟು, ಕರ್ತೃ ಮತ್ತು ಕ್ರಿಯಾಪದಗಳನ್ನು ಬಹುವಚನಕ್ಕೆ ತಿರುಗಿಸುತ್ತದೆ. ‘ಆರ್‌ವಿ’ಯೂ ಇಂಥದ್ದೇ. ವರ್ಗವನ್ನು ದಾಖಲಿಸಬೇಕಾದ ಸಲಕರಣೆಯೊಳಗೆ ಹೀಗೆ ಒಂದು ಭಾಷೆಯ ವಚನಾನುಗುಣತೆ ಸೇರಿಕೊಂಡಿದೆ. ಮೇಲಿನ ಎಲ್ಲ ಪ್ರಶಂಸೆಗೆ ಪಾತ್ರವಾದ ತತ್ತ್ವವನ್ನು ‘ಎಂಡಾಕ್’ ಇಲ್ಲಿ ತಾನೇ ಮುರಿಯುತ್ತದೆ: ಅರ್ಥವನ್ನು ಹೇಳಿ ರೂಪವನ್ನು ಮುಂದಕ್ಕೆ ಬಿಡುವ ಬದಲು ಇಂಗ್ಲಿಷ್ ರೂಪವನ್ನೇ ಅರ್ಥವೆಂದು ಭಾವಿಸುತ್ತದೆ.

7. ಕನ್ನಡದ ಒರೆಗಲ್ಲು

ಇಂಗ್ಲಿಷಿನೊಳಗೆ ಉಳಿದವರಿಗೆ ಈ ಭೇದಗಳು ಸೂಕ್ಷ್ಮವಾಗಿ ಕಾಣಬಹುದು. ಕೈಪಿಡಿ ಪುಟವೊಂದನ್ನು ಕನ್ನಡದಲ್ಲಿ ಬರೆಯಬೇಕಾದಾಗ ಅವು ಮೊದಲ ಸಾಲಿನಲ್ಲಿಯೇ ಎದುರಾಗುತ್ತವೆ. ಮೂರು ಅಂಶಗಳನ್ನು ಎತ್ತಿಕೊಳ್ಳುತ್ತೇವೆ.

ಒಂದನೆಯದು ಕ್ರಿಯಾರೂಪ. ‘ಎಲ್‌ಎಸ್’ ಎಂಬ ಆದೇಶದ ‘ಹೆಸರು’ ಸಾಲಿನಲ್ಲಿ, ಡೈರೆಕ್ಟರಿಯ ಒಳಗಿರುವುದನ್ನು ಪಟ್ಟಿಮಾಡುವ ಕೆಲಸವನ್ನು ಇಂಗ್ಲಿಷ್ ಒಂದು ಪ್ರತ್ಯಯರಹಿತ ಧಾತುವಿನಿಂದ ಹೇಳುತ್ತದೆ. ಅದು ವಿಧ್ಯರ್ಥವೋ ಕ್ರಿಯೆಯ ಬರಿಯ ಹೆಸರೋ ಎಂದು ಇಂಗ್ಲಿಷ್ ನಿರ್ಧರಿಸಬೇಕಾಗಿಲ್ಲ. ಕನ್ನಡ ನಿರ್ಧರಿಸಲೇಬೇಕು: ಪಟ್ಟಿಮಾಡು, ಪಟ್ಟಿಮಾಡಿ, ಪಟ್ಟಿಮಾಡುತ್ತದೆ, ಪಟ್ಟಿಮಾಡುವುದು. ‘ಮಾಡು’ ಎಂದರೆ ಬಳಕೆದಾರ ಯಂತ್ರಕ್ಕೆ ಏಕವಚನದಲ್ಲಿ ಆಜ್ಞಾಪಿಸುವ ಮಾತು. ‘ಮಾಡಿ’ ಎಂದರೆ ಕೈಪಿಡಿ ಬಳಕೆದಾರನಿಗೆ ಗೌರವದಿಂದ ಹೇಳುವ ಮಾತು. ‘ಮಾಡುತ್ತದೆ’ ಎಂದರೆ ಕೈಪಿಡಿ ಯಂತ್ರದ ಬಗ್ಗೆ ಹೇಳುವ ಮಾತು. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬ, ಮೂಲದಲ್ಲಿ ಮುಚ್ಚಿಹೋಗಿರುವ ಪ್ರಶ್ನೆ ಕನ್ನಡದಲ್ಲಿ ಬಯಲಾಗುತ್ತದೆ. ಆಯ್ಕೆಗಳ ವಿವರಣೆಯಲ್ಲಿಯೂ ಇದೇ ತೊಡಕು ಸಾಲುಸಾಲಿಗೆ ಬರುತ್ತದೆ. ‘ಹೆಸರು’ ಸಾಲಿಗೆ ‘ಪಟ್ಟಿಮಾಡುವುದು’ ಎಂಬ ಕೃದಂತ ರೂಪವೂ ವಿವರಣೆಗೆ ‘ಮಾಡುತ್ತದೆ’ ಎಂಬ ಪೂರ್ಣಕ್ರಿಯಾಪದವೂ ಹೊಂದುತ್ತವೆಂದು ನಮಗೆ ತೋರುತ್ತದೆ. ಬಳಕೆದಾರನನ್ನು ನೇರವಾಗಿ ಸಂಬೋಧಿಸುವ ‘ಮಾಡಿ’ ರೂಪವನ್ನು ಉದಾಹರಣೆಗಳಿಗೂ ಎಚ್ಚರಿಕೆಗಳಿಗೂ ಉಳಿಸಿಕೊಳ್ಳುವುದು ಲೇಸು.

ಎರಡನೆಯದು ಗುರುತುಗಳ ಲಭ್ಯತೆ. ರೋಮನ್ ಲಿಪಿಯಲ್ಲಿ ಸ್ಥಾನಸೂಚಕ ಪದವನ್ನು ಓರೆಯಕ್ಷರದಿಂದ ತೋರಿಸಬಹುದು. ಗ್ನೂ ಯೋಜನೆಯ ತಂತ್ರಾಂಶಗಳ ಸಹಾಯಪಠ್ಯಗಳಂತೆ ದೊಡ್ಡಕ್ಷರದಿಂದಲೂ ತೋರಿಸಬಹುದು. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ. ಓರೆಯಕ್ಷರವೆಂದರೆ ನೆಟ್ಟಗಿನ ಅಕ್ಷರವನ್ನೇ ವಾಲಿಸಿದ್ದು. ರೋಮನ್ನಿನಲ್ಲಿರುವಂತೆ ಬೇರೆಯೇ ಆದ ಅಕ್ಷರಜಾತಿಯಲ್ಲ. ಟರ್ಮಿನಲ್‌ನ ಅಡಿಗೆರೆ ಒತ್ತಕ್ಷರಗಳ ಮೇಲೆಯೇ ಹಾಯುತ್ತದೆ. ಇದಲ್ಲದೆ ರಾಫ್ ಪರಂಪರೆಯಲ್ಲಿ ಟರ್ಮಿನಲ್‌ಗೆ ದಪ್ಪಕ್ಷರವನ್ನು ತಿಳಿಸುತ್ತಿದ್ದ ಹಳೆಯ ವಿಧಾನವೆಂದರೆ ಒಂದು ಅಕ್ಷರ ಬರೆದು, ಒಂದು ಹೆಜ್ಜೆ ಹಿಂದೆ ಸರಿದು, ಅದೇ ಅಕ್ಷರವನ್ನು ಮತ್ತೆ ಬರೆಯುವುದು. ಟೆಲಿಟೈಪ್ ಯಂತ್ರದ ಈ ಚಲನೆ ಒಂದು ಸಂಕೇತಕ್ಕೆ ಒಂದು ಕೋಶ ಎಂಬ ಗ್ರಹಿಕೆಯ ಮೇಲೆ ನಿಂತಿದೆ. ‘ಸ್ತ್ರೀ’ ಎಂಬುದು ಬರಹದಲ್ಲಿ ಒಂದು ಅಕ್ಷರ, ಯೂನಿಕೋಡಿನಲ್ಲಿ ಆರು ಸಂಕೇತಗಳು. ಹಿಂದೆ ಸರಿಯಬೇಕಾದ್ದು ಎಲ್ಲಿಗೆ ಎಂಬ ಪ್ರಶ್ನೆಗೆ ಆ ವಿಧಾನದಲ್ಲಿ ಉತ್ತರವಿಲ್ಲ.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು, ಸಂಧಿ. ವಿವರಣೆಯ ಗದ್ಯದಲ್ಲಿ ಸ್ಥಾನಸೂಚಕ ಪದಗಳೂ ಯಥಾರೂಪ ಪದಗಳೂ ವಿಭಕ್ತಿ ಪ್ರತ್ಯಯಗಳನ್ನು ಪಡೆಯಬೇಕು. ‘ಕಡತ’ ಎಂಬುದು ‘ಕಡತವನ್ನು’ ಎಂದಾದಾಗ ವಕಾರಾಗಮವಾಗುತ್ತದೆ. ‘ಕಡತ’ವನ್ನು ಓರೆಯಾಗಿಸಿ ‘ವನ್ನು’ ಎಂಬುದನ್ನು ನೆಟ್ಟಗಿಡಬಹುದು. ‘ಹೆಸರು’ ಎಂಬುದು ‘ಹೆಸರನ್ನು’ ಎಂದಾದಾಗ ಲೋಪಸಂಧಿ. ಇಲ್ಲಿಯ ‘ರ’ ಎಂಬ ಅಕ್ಷರದಲ್ಲಿ ವ್ಯಂಜನ ಪ್ರಕೃತಿಯದು, ಸ್ವರ ಪ್ರತ್ಯಯದ್ದು. ಓರೆಯಕ್ಷರ ಎಲ್ಲಿ ಮುಗಿಯಬೇಕು? ಆಕೃತಿಮಾಗಳ ಗಡಿ ಅಕ್ಷರದ ಒಳಗೇ ಬಿದ್ದಿರುವುದರಿಂದ ಯಾವ ಉತ್ತರವೂ ಸರಿಯಲ್ಲ. ಯಥಾರೂಪ ಪದಗಳಲ್ಲಿ ಇನ್ನೂ ತೊಡಕು. ‘ಗ್ರೆಪ್’ ಎಂಬ ಆದೇಶವನ್ನು ಕನ್ನಡದ ನಾಲಗೆ ಸಹಜವಾಗಿ ‘ಗ್ರೆಪ್ಪನ್ನು’ ಎನ್ನುತ್ತದೆ. ಕೊನೆಯ ವ್ಯಂಜನ ದ್ವಿತ್ವವಾಗಿ, ಇದ್ದಂತೆಯೇ ಇರಬೇಕಾದ ಪದದ ರೂಪವೇ ಕೆಡುತ್ತದೆ. ದಪ್ಪ ಮತ್ತು ಸಾದಾ ಅಕ್ಷರಗಳನ್ನು ಒಂದೇ ಪದದಲ್ಲಿ ಕೂಡಿಸುವ ‘ಬಿಆರ್’ ಮ್ಯಾಕ್ರೊ ಇಂಗ್ಲಿಷಿನ ಪದಾಂತ್ಯದ ಅಲ್ಪವಿರಾಮ ಮೊದಲಾದವುಗಳಿಗೆ ಸಾಕು, ಸಂಧಿಗೆ ಸಾಲದು.

ಇದಕ್ಕೆ ಪರಿಹಾರ ಕನ್ನಡದಲ್ಲಿಯೇ ಇದೆ, ಆದರೆ ಅದು ಅಕ್ಷರರೂಪದಲ್ಲಿಲ್ಲ, ವಾಕ್ಯರಚನೆಯಲ್ಲಿದೆ. ‘ಎಂಬ’, ‘ಎಂಬುದು’, ‘ಎಂದು’ ಎಂಬ ಉಲ್ಲೇಖವಾಚಕಗಳು ಹಿಂದಿನ ಪದವನ್ನು ಅದರ ರೂಪದಲ್ಲಿಯೇ ನಿಲ್ಲಿಸಿ, ವಿಭಕ್ತಿಯನ್ನು ತಮ್ಮ ಮೇಲೆ ಹೊತ್ತುಕೊಳ್ಳುತ್ತವೆ. ‘ಗ್ರೆಪ್ ಎಂಬುದನ್ನು’ ಎಂದಾಗ ಯಥಾರೂಪಕ್ಕೆ ಧಕ್ಕೆಯಿಲ್ಲ. ಸ್ಥಾನಸೂಚಕಕ್ಕೆ ‘ಹೆಸರು ಎಂಬುದರ ಸ್ಥಾನದಲ್ಲಿ’ ಎನ್ನಬಹುದು. ಆದೇಶ ವಿಧಿಸುವ ಸೂತ್ರಗಳಲ್ಲಿ ಪಾಣಿನಿ ಷಷ್ಠಿಗೆ ಕೊಟ್ಟ ಅರ್ಥವೂ ಇದೇ. ಇಂಗ್ಲಿಷ್ ಪುಟ ಅಕ್ಷರರೂಪದಿಂದ ಸಾಧಿಸುವ ಭೇದವನ್ನು ಕನ್ನಡ ಪುಟ ಒಂದು ಪದದಿಂದ ಸಾಧಿಸಬಲ್ಲದು. ಹಾಗೆ ಸಾಧಿಸಿದ್ದು ಕಿವಿಗೂ ಕೇಳಿಸುತ್ತದೆ. ಮೂಲದಲ್ಲಿ ‘ಎಆರ್’ ಎಂದು ವರ್ಗ ದಾಖಲಾಗಿದ್ದರೆ ಅನುವಾದಕ ಎಲ್ಲಿ ‘ಎಂಬ’ ಬೇಕೆಂಬುದನ್ನು ತಿಳಿಯುತ್ತಾನೆ. ‘ಐ’ ಎಂದಷ್ಟೇ ಇದ್ದರೆ ಅದು ಸ್ಥಾನಸೂಚಕವೋ ಪುಸ್ತಕದ ಹೆಸರೋ ಒತ್ತುಪದವೋ ಎಂದು ಪ್ರತಿಯೊಂದು ಸಲವೂ ಊಹಿಸಬೇಕು.

8. ನಮ್ಮ ಸ್ವಂತ ಕೈಪಿಡಿಗಳು

ತಂತ್ರಾಂಶ ಲೇಖಕರ ಈ ಸಮಸ್ಯೆಯನ್ನು ದೂರದಿಂದ ನೋಡಿ ತೀರ್ಪು ಕೊಡುವ ಸ್ಥಿತಿಯಲ್ಲಿ ಭಾಷಾವಿಜ್ಞಾನಿಗಳು ಇಲ್ಲ. ವರ್ಡ್ ಪ್ರೊಸೆಸರಿನಲ್ಲಿ ಸಿದ್ಧವಾಗುವ ಕ್ಷೇತ್ರಕಾರ್ಯದ ನಿಘಂಟುಗಳಲ್ಲಿ ಮುಖ್ಯೋಲ್ಲೇಖ ದಪ್ಪ, ವ್ಯಾಕರಣವರ್ಗ ಓರೆ, ಅರ್ಥ ಸಾದಾ. ಓರೆಯಲ್ಲಿರುವುದೆಲ್ಲ ವ್ಯಾಕರಣವರ್ಗವೇ ಅಲ್ಲ; ಉದಾಹರಣೆ ವಾಕ್ಯವೂ ಮೂಲಭಾಷೆಯ ಹೆಸರೂ ಓರೆಯಲ್ಲಿಯೇ ಇರಬಹುದು. ಮುಂದೆ ಯಾರಾದರೂ ಆ ನಿಘಂಟಿನಿಂದ ಕ್ರಿಯಾಪದಗಳನ್ನಷ್ಟೇ ತೆಗೆಯಬೇಕೆಂದಾಗ ಸಮಸ್ಯೆ ತಲೆಯೆತ್ತುತ್ತದೆ. ಇದಕ್ಕೆ ವಿರುದ್ಧವಾಗಿ ಎಸ್‌ಐಎಲ್ ಸಂಸ್ಥೆ ರೂಢಿಗೆ ತಂದ, ಓರೆಗೆರೆಯಿಂದ ಆರಂಭವಾಗುವ ಕ್ಷೇತ್ರಸೂಚಕಗಳು ‘ಎಂಡಾಕ್’ನ ಸೋದರಸಂಬಂಧಿಗಳು: ಮುಖ್ಯೋಲ್ಲೇಖಕ್ಕೆ ಒಂದು, ಪದವರ್ಗಕ್ಕೆ ಒಂದು, ಅರ್ಥಕ್ಕೆ ಒಂದು. ಸ್ಟೀವನ್ ಬರ್ಡ್ ಮತ್ತು ಗ್ಯಾರಿ ಸೈಮನ್ಸ್ ಅವರು 2003ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಭಾಷಾದಾಖಲೀಕರಣದ ವಹನೀಯತೆಯನ್ನು ಚರ್ಚಿಸುತ್ತ, ರೂಪಸೂಚಕ ಮಾರ್ಕಪ್‌ಗಿಂತ ವಿವರಣಾತ್ಮಕ ಮಾರ್ಕಪ್ಪನ್ನು ಶಿಫಾರಸು ಮಾಡಿದರು. ಭಾಷಿಕರೇ ಉಳಿಯದ ಭಾಷೆಯ ನಿಘಂಟಿನಲ್ಲಿ ಸಂದರ್ಭದಿಂದ ಊಹಿಸಿಕೊಳ್ಳುವ ಓದುಗ ಇರುವುದಿಲ್ಲ. ದಾಖಲಾಗದ ವರ್ಗ ಅಲ್ಲಿ ಶಾಶ್ವತವಾಗಿ ನಷ್ಟವಾಗುತ್ತದೆ.

ಅಂತರಪಂಕ್ತಿ ಅರ್ಥಸೂಚನೆಯಲ್ಲಿಯೂ ಇದೇ ಕಥೆ. ಲೈಪ್‌ಜಿಗ್ ನಿಯಮಗಳ ರೂಢಿಯಲ್ಲಿ ವ್ಯಾಕರಣಸೂಚಕಗಳನ್ನು ಪುಟ್ಟ ದೊಡ್ಡಕ್ಷರಗಳಲ್ಲಿ, ಪದಾರ್ಥಗಳನ್ನು ಚಿಕ್ಕಕ್ಷರಗಳಲ್ಲಿ ಬರೆಯುತ್ತಾರೆ. ಇದೂ ಸಂಜ್ಞೆ ಮತ್ತು ಯಥಾರ್ಥಗಳ ಭೇದವೇ, ಇದರ ಗುರುತೂ ರೋಮನ್ ಲಿಪಿಗೆ ಕಟ್ಟುಬಿದ್ದದ್ದೇ. ಕನ್ನಡ ಲಿಪಿಯಲ್ಲಿ ಅರ್ಥಸೂಚನೆ ಬರೆಯುವ ಸಂಶೋಧಕನಿಗೆ ‘ಬಹು’ ಎಂಬುದು ಬಹುವಚನದ ಸೂಚಕವೋ ‘ಹೆಚ್ಚು’ ಎಂಬ ಅರ್ಥವೋ ಎಂದು ತೋರಿಸಲು ದೊಡ್ಡಕ್ಷರದ ಸಹಾಯವಿಲ್ಲ. ದ್ವಿಭಾಷಿಕ ಪತ್ರಿಕೆಗಳ ಸಂಪಾದಕರು ಇದನ್ನು ಮುದ್ರಣದ ಪ್ರಶ್ನೆಯೆಂದು ಬದಿಗಿಡದೆ, ಕನ್ನಡಕ್ಕೆ ಒಪ್ಪುವ ಗುರುತೊಂದನ್ನು ನಿಗದಿಪಡಿಸುವುದೂ ಹಸ್ತಪ್ರತಿಯಲ್ಲಿ ವರ್ಗವನ್ನೇ ದಾಖಲಿಸುವಂತೆ ಲೇಖಕರನ್ನು ಕೇಳುವುದೂ ಅಗತ್ಯ.

9. ಉಪಸಂಹಾರ

ಕೈಪಿಡಿ ಪುಟದ ಅಕ್ಷರರೂಪಗಳು ಆ ಪುಟದ ಆಕೃತಿವಿಜ್ಞಾನ. 1971ರಿಂದ ಇಂದಿನವರೆಗೆ ಗುರುತುಗಳು ಬದಲಾಗಿವೆ, ಅವುಗಳಲ್ಲಿ ಒಂದು ತಲೆಕೆಳಗೂ ಆಗಿದೆ. ಗುರುತಿಸಬೇಕಾದ ಭೇದ ಮಾತ್ರ ಬದಲಾಗಿಲ್ಲ. ಆದ್ದರಿಂದ ಮೂಲಪಠ್ಯದಲ್ಲಿ ಉಳಿಯಬೇಕಾದದ್ದು ಭೇದವೇ ಹೊರತು ಗುರುತಲ್ಲ. ಈ ಅಳತೆಗೋಲಿನಲ್ಲಿ ‘ಎಂಡಾಕ್’ ಮೇಲಾಗಿ ನಿಲ್ಲುತ್ತದೆ. ಇಂಗ್ಲಿಷ್ ವಾಕ್ಯಗಳನ್ನು ತನ್ನೊಳಗೆ ಅಡಗಿಸಿಕೊಂಡಿರುವಷ್ಟರ ಮಟ್ಟಿಗೆ ಅದೂ ಸೋಲುತ್ತದೆ. ‘ಮ್ಯಾನ್’ ಸಂಪ್ರದಾಯ ತನ್ನ ಸರಳತೆಯಿಂದ ಸಾವಿರಾರು ಪುಟಗಳನ್ನು ಸಾಧ್ಯವಾಗಿಸಿದೆ. ಆ ಪುಟಗಳು ತಮ್ಮ ಮೊದಲ ಭಾಷೆ, ಮೊದಲ ಲಿಪಿ ಮತ್ತು ಕಣ್ಣಿನ ಓದುಗನನ್ನು ಬಿಟ್ಟು ಹೊರಡುವಾಗ ತೆರಬೇಕಾದ ಬೆಲೆಯನ್ನು ಮುಂದಿನವರಿಗೆ ಉಳಿಸಿದೆ.

ಆದೇಶಸಾಲಿನ ಕೈಪಿಡಿಗಳು ಕನ್ನಡದಲ್ಲಿ ಬರಬೇಕೆನ್ನುವವರು ಸಾಮಾನ್ಯವಾಗಿ ಪಾರಿಭಾಷಿಕ ಪದಕೋಶದಿಂದ ಆರಂಭಿಸುತ್ತಾರೆ. ‘ಎಂಬ’ ಎಲ್ಲಿ ಬರಬೇಕು, ‘ಮಾಡು’ ಮತ್ತು ‘ಮಾಡಿ’ಗಳಲ್ಲಿ ಯಾವುದು ಯಾರ ಮಾತು, ಪ್ರತ್ಯಯ ಹತ್ತಿದಾಗ ಯಥಾರೂಪ ಉಳಿಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಪದಕೋಶದಲ್ಲಿ ಉತ್ತರವಿಲ್ಲ. ಅವು ವ್ಯಾಕರಣದ ಪ್ರಶ್ನೆಗಳು, ಆದ್ದರಿಂದ ನಮ್ಮ ಪ್ರಶ್ನೆಗಳು.